ಮಗುವಿನ ಈಜು ಕ್ಲಾಸು: ಚೀಲದಲ್ಲಿ ಏನಿರಬೇಕು, ಮನೆಯಲ್ಲಿ ಏನು ಆಗಿರಬೇಕು

ಮಾರ್ಚ್ ಮುಗಿಯುತ್ತಿದ್ದ ಹಾಗೆ ಬಳ್ಳಾರಿಯಲ್ಲಿ ಬಿಸಿಲಿನ ಜೊತೆಗೇ ಇನ್ನೊಂದು ಮಾತೂ ಶುರುವಾಗುತ್ತದೆ. "ಈ ಸಲ ಮಕ್ಕಳನ್ನ ಈಜಿಗೆ ಹಾಕೋಣ ಅಂತ ಇದ್ದೀವಿ, ಏನೇನು ತಗೋಬೇಕು?" ಮಗಳನ್ನು ಎರಡು ಬೇಸಿಗೆ ಕೊಳಕ್ಕೆ ಕರೆದುಕೊಂಡು ಹೋದ ಮೇಲೆ ಈ ಪ್ರಶ್ನೆ ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಎಲ್ಲರೂ ಮೊದಲು ಕೇಳುವುದು ಚೀಲದ ಬಗ್ಗೆ. ಚೀಲ ತುಂಬುವುದು ಹತ್ತು ನಿಮಿಷದ ಕೆಲಸ. ಮೊದಲ ವಾರ ಮಗು ಅಳುತ್ತದೋ ನಗುತ್ತದೋ ಅನ್ನುವುದು ಅದಕ್ಕೂ ಮುಂಚೆ ಮನೆಯಲ್ಲಿ ಏನಾಗಿದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಇದು ನಾಲ್ಕರಿಂದ ಏಳು ವರ್ಷದ ಮಕ್ಕಳ ತಂದೆ-ತಾಯಿಗೆ ಬರೆದದ್ದು.

1. ವಯಸ್ಸು ಮತ್ತು ಆರೋಗ್ಯ ನೋಡಿಕೊಳ್ಳಿ

ಒಂದು ವರ್ಷ ದಾಟಿದ ಮಗುವನ್ನು ಅಪ್ಪ-ಅಮ್ಮನ ಜೊತೆ ನೀರಿಗೆ ಇಳಿಸಿ ಅಭ್ಯಾಸ ಮಾಡಿಸಬಹುದು. ಆದರೆ ಕೋಚ್ ಹೇಳಿದ್ದನ್ನು ಕೇಳಿ, ಸಾಲಿನಲ್ಲಿ ಕಾದು, ತಾನೇ ಮಾಡಿ ನೋಡುವಷ್ಟು ತಯಾರಿ ಹೆಚ್ಚಿನ ಮಕ್ಕಳಿಗೆ ಬರುವುದು ನಾಲ್ಕು ವರ್ಷದ ಸುಮಾರಿಗೆ. ನಿಮ್ಮ ಮಗುವಿಗೆ ಐದಾದರೂ ಭಯ ಇದ್ದರೆ ಏನೂ ತಡವಾಗಿಲ್ಲ.

ಫಿಟ್ಸ್, ಆಸ್ತಮಾ, ಹೃದಯದ ತೊಂದರೆ, ಪದೇ ಪದೇ ಕಿವಿ ಸೋರುವುದು, ಕಿವಿಯಲ್ಲಿ ಆಪರೇಷನ್ ಮಾಡಿ ಟ್ಯೂಬ್ ಹಾಕಿರುವುದು, ಇವುಗಳಲ್ಲಿ ಯಾವುದಿದ್ದರೂ ಫೀಸು ಕಟ್ಟುವ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ. ಅವರು ಹೂಂ ಅಂದ ಮೇಲೂ ವಿಷಯವನ್ನು ಕೋಚ್‌ಗೆ ಹೇಳಲೇಬೇಕು. "ಹೇಳಿದರೆ ಸೇರಿಸಿಕೊಳ್ಳಲ್ಲ" ಎಂದು ಮುಚ್ಚಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಕೊಳದ ಪಕ್ಕದಲ್ಲೇ ಇರಬೇಕು, ಸ್ಕೂಟರಿನ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ.

2. ಫೀಸು ಕಟ್ಟುವ ಮುಂಚೆ ಕೊಳ ನೋಡಿ ಬನ್ನಿ

ಕ್ಲಾಸು ನಡೆಯುವ ಹೊತ್ತಿಗೇ ಹೋಗಿ. ಖಾಲಿ ಕೊಳ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ನೀರು ನೋಡಿ. ಅತಿ ಆಳವಿರುವ ಕಡೆ ನಿಂತು ಬಗ್ಗಿದರೆ ತಳದ ಟೈಲ್ಸಿನ ಗೆರೆ, ನೀರು ಹೋಗುವ ಜಾಲರಿ ಎರಡೂ ಸ್ಪಷ್ಟವಾಗಿ ಕಾಣಬೇಕು. ನೀರು ಮಬ್ಬಾಗಿದ್ದರೆ ಮುಳುಗಿದ ಮಗುವೂ ಕಾಣುವುದಿಲ್ಲ, ಅಷ್ಟು ಸರಳ. ಆ ಜಾಲರಿ ಮುರಿದಿದ್ದರೆ, ಎದ್ದಿದ್ದರೆ ಆ ಕೊಳ ಬೇಡವೇ ಬೇಡ. ಅಲ್ಲಿ ನೀರು ಎಳೆಯುವ ಸೆಳೆತಕ್ಕೆ ಕೂದಲು, ಕೈ ಬೆರಳು ಸಿಕ್ಕಿಕೊಳ್ಳುತ್ತದೆ.

ಆಮೇಲೆ ವಾಸನೆ. ಮೂಗಿಗೆ ಘಾಟು ಹೊಡೆದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ" ಎಂದು ನಾವು ಖುಷಿಪಡುತ್ತೇವೆ. ಕ್ಲೋರಿನ್ ಅಂದರೆ ನೀರಿನ ರೋಗಾಣು ಕೊಲ್ಲಲು ಹಾಕುವ ಔಷಧ. ಅದು ಬೆವರು, ಮೂತ್ರದ ಜೊತೆ ಸೇರಿದಾಗ ಹುಟ್ಟುವ ಬೇರೆ ರಾಸಾಯನಿಕದಿಂದ ಬರುವುದು ಆ ಘಾಟು. ಕಣ್ಣು ಕೆಂಪಾಗುವುದು, ಕೆಮ್ಮು ಬರುವುದು ಕೂಡ ಹೆಚ್ಚಾಗಿ ಅದರಿಂದಲೇ. ಚೆನ್ನಾಗಿ ನೋಡಿಕೊಂಡ ಕೊಳದಲ್ಲಿ ವಾಸನೆ ತುಂಬಾ ಕಡಿಮೆ. ನೀರಿನ ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗೆ ಇರಬೇಕು. ದಿನವೂ ಅಳೆದು ಬರೆದಿಡುತ್ತೀರಾ ಎಂದು ಕೇಳಿ. ಬರೆದಿಡುವವರು ಪುಸ್ತಕ ತೋರಿಸುತ್ತಾರೆ.

ಇನ್ನು ಜನ. ಕಲಿಸುವ ಕೋಚ್ ಬೇರೆ, ಕಾವಲಿಗೆ ನಿಲ್ಲುವ ಲೈಫ್‌ಗಾರ್ಡ್ ಬೇರೆ ಇರಬೇಕು. ಒಬ್ಬ ಮಗುವಿಗೆ ಕಾಲು ಬಡಿಯುವುದು ಹೇಳಿಕೊಡುವವರಿಗೆ ಉಳಿದ ಮಕ್ಕಳ ಮೇಲೆ ಕಣ್ಣಿಡಲು ಆಗುವುದಿಲ್ಲ. ಸಣ್ಣ ಮಕ್ಕಳ ಬ್ಯಾಚಿನಲ್ಲಿ ಒಬ್ಬ ಕೋಚ್‌ಗೆ ಐದಾರು ಮಕ್ಕಳಿಗಿಂತ ಜಾಸ್ತಿ ಇದ್ದರೆ ನಾನಂತೂ ಸೇರಿಸುವುದಿಲ್ಲ. ಬೇಸಿಗೆ ಶಿಬಿರದಲ್ಲಿ ಇಪ್ಪತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವುದೂ ಉಂಟು. ಅಂಥ ಕಡೆ ಫೀಸು ಕಡಿಮೆ ಇದ್ದರೂ ಬೇಡ.

ಮತ್ತೊಂದು ಪ್ರಶ್ನೆ ಮರೆಯದೆ ಕೇಳಿ: "ಮಗು ಹೆದರಿದರೆ ಏನು ಮಾಡ್ತೀರಿ, ಸರ್?" "ಒಂದ್ಸಲ ನೀರಾಗ ಹಾಕಿದ್ರ ತಾನೇ ಕಲೀತಾನ" ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಬಂದುಬಿಡಿ. ನಮ್ಮ ಹಿರಿಯರು ಬಾವಿಯಲ್ಲಿ ಕಲಿತರು ನಿಜ. ಆದರೆ ಅವರೂ ಸೊಂಟಕ್ಕೆ ಹಗ್ಗ, ಬೆನ್ನಿಗೆ ಸೋರೆಬುರುಡೆಯೋ ಬೆಂಡೋ ಕಟ್ಟಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತೇ ಕಲಿಸುತ್ತಿದ್ದರು.

3. ಮನೆಯ ಬಚ್ಚಲಲ್ಲಿ ಎರಡು ವಾರದ ತಾಲೀಮು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇದಕ್ಕೆ ದುಡ್ಡೂ ಬೇಡ.

ಮಕ್ಕಳು ಹೆದರುವುದು ಆಳಕ್ಕಿಂತ ಜಾಸ್ತಿ, ಮುಖದ ಮೇಲೆ ಬೀಳುವ ನೀರಿಗೆ. ಸ್ನಾನ ಮಾಡಿಸುವಾಗ ನಾವೇನು ಮಾಡುತ್ತೇವೆ? ತಲೆ ಹಿಂದಕ್ಕೆ ಬಗ್ಗಿಸಿ, ಹಣೆಗೆ ಕೈ ಅಡ್ಡ ಹಿಡಿದು, ಒಂದು ಹನಿಯೂ ಕಣ್ಣಿಗೆ ಹೋಗದ ಹಾಗೆ ನೀರು ಹಾಕುತ್ತೇವೆ. ನಾಲ್ಕು ವರ್ಷ ಹೀಗೆ ಬೆಳೆದ ಮಗುವಿಗೆ ಕೊಳದಲ್ಲಿ ಮುಖಕ್ಕೆ ನೀರು ಬಡಿದಾಗ ದಿಕ್ಕು ತಪ್ಪುತ್ತದೆ.

ಮೊದಲ ನಾಲ್ಕೈದು ದಿನ ಅರ್ಧ ಚೊಂಬು ಉಗುರುಬೆಚ್ಚಗಿನ ನೀರನ್ನು ತಲೆಯ ಹಿಂದಿನಿಂದ ಹಾಕಿ. ಆಮೇಲೆ ನೆತ್ತಿಯಿಂದ, ಮುಖದ ಮೇಲೆ ಇಳಿಯುವ ಹಾಗೆ. ಪ್ರತಿ ಸಲವೂ "ಒಂದು, ಎರಡು, ಮೂರು" ಎಂದು ಎಣಿಸಿಯೇ ಹಾಕಿ. ತಮಾಷೆಗೂ ಎರಡಕ್ಕೇ ಹಾಕಬೇಡಿ. ಆ ಎಣಿಕೆಯ ಮೇಲೆ ಮಗುವಿಗೆ ನಂಬಿಕೆ ಕೂತರೆ ಮುಂದೆ ಕೋಚ್ ಎಣಿಸಿದಾಗಲೂ ಅದೇ ನಂಬಿಕೆ ಕೆಲಸಕ್ಕೆ ಬರುತ್ತದೆ. ನೀರು ಬಿದ್ದ ಕೂಡಲೇ ಟವೆಲ್ ತಗೊಂಡು ಓಡಬೇಡಿ. ಕಣ್ಣು ಪಟಪಟ ಮಿಟುಕಿಸಿ ತಾನೇ ತೆರೆಯಲಿ.

ಎರಡನೇ ವಾರ ಬಬ್ಲಿಂಗ್. ಬಾಯಿ ನೀರೊಳಗಿಟ್ಟು ಗುಳುಗುಳು ಎಂದು ಗಾಳಿ ಬಿಡುವುದಕ್ಕೆ ಕೋಚ್‌ಗಳು ಹೀಗೆ ಹೇಳುತ್ತಾರೆ. ಈಜಿನ ಮೊದಲ ಪಾಠವೇ ಇದು: ಉಸಿರು ಎಳೆದುಕೊಳ್ಳುವುದು ನೀರಿನ ಮೇಲೆ, ಬಿಡುವುದು ನೀರಿನ ಒಳಗೆ. ಅಗಲವಾದ ಬೇಸಿನ್ನಿನಲ್ಲಿ ಕುಡಿಯುವ ನೀರು ತುಂಬಿ ನೀವೂ ಮಗುವಿನ ಎದುರು ಕುಳಿತುಕೊಳ್ಳಿ. ನನ್ನ ಮಗಳಿಗೆ ಎಷ್ಟು ಹೇಳಿದರೂ ನೀರು ಎಳೆದುಕೊಂಡೇ ಕೆಮ್ಮುತ್ತಿದ್ದಳು. ಆಗ ಅವಳ ಅಜ್ಜಿ, "ಊದುಗೊಳವಿ ಹಿಡಿದು ಒಲಿ ಊದ್ತೀನಲ್ಲ, ಹಂಗ ಊದವ್ವ" ಎಂದರು. ಅವಳು ಕೆನ್ನೆ ಉಬ್ಬಿಸಿ ಊದಿದಳು. ನೀರು ಬೇಸಿನ್ನಿನ ಅಂಚು ದಾಟಿ ಅಜ್ಜಿಯ ಸೀರೆ ಮೇಲೆ ಬಿತ್ತು. ಆವತ್ತಿನಿಂದ ಬಬ್ಲಿಂಗ್ ಅವಳಿಗೆ ಆಟವಾಯಿತು.

ಇಲ್ಲಿ ಮೂರು ಎಚ್ಚರ. ತಾಲೀಮು ಮುಗಿದ ಕೂಡಲೇ ಬೇಸಿನ್, ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಗೇಣುದ್ದ ನೀರೂ ಪ್ರಾಣ ತೆಗೆಯಬಲ್ಲದು. ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯ ಮಕ್ಕಳಿಗೆ ಕಲಿಸಲೇಬೇಡಿ, ನೀರೊಳಗೆ ಹಾಗೆ ಮಾಡುವಾಗ ಎಚ್ಚರ ತಪ್ಪಬಹುದು. ಮತ್ತೆ, "ಊಟ ಮಾಡದಿದ್ರೆ ಈಜು ಸರ್ ಹತ್ರ ಹೇಳ್ತೀನಿ, ನೀರಿಗೆ ಹಾಕ್ತಾರೆ" ಎಂದು ಹೆದರಿಸುವುದನ್ನು ಮನೆಮಂದಿಯೆಲ್ಲ ಇವತ್ತೇ ಬಿಡಬೇಕು.

4. ಖರೀದಿ

ಬೇಕಾಗಿರುವುದು ಮೂರೇ: ಕಾಸ್ಟ್ಯೂಮ್, ಗಾಗಲ್ಸ್, ಟೋಪಿ.

ಕಾಸ್ಟ್ಯೂಮ್ ನೈಲಾನ್, ಪಾಲಿಯೆಸ್ಟರ್ ಅಥವಾ ಲೈಕ್ರಾ, ಅಂದರೆ ಎಳೆದರೆ ಹಿಗ್ಗುವ ಬಟ್ಟೆಯದಿರಲಿ. ಕಾಟನ್ ಚಡ್ಡಿ, ಬನಿಯನ್ ಹಾಕಿಸಿದರೆ ಹೆಚ್ಚಿನ ಕೊಳಗಳಲ್ಲಿ ಬಿಡುವುದಿಲ್ಲ. ಅದು ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ತುಂಬುತೋಳು, ಮೊಣಕಾಲಿನವರೆಗೆ ಬರುವ ಸೂಟ್ ಒಳ್ಳೆಯದು. ಚರ್ಮ ಸುಡುವುದಿಲ್ಲ, ಹೆಣ್ಣುಮಕ್ಕಳಿಗೆ ತುಂಡು ಬಟ್ಟೆ ಬೇಡ ಎನ್ನುವ ಮನೆಯವರಿಗೂ ಸಮಾಧಾನ.

ಬಣ್ಣದ ವಿಷಯ ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ನೀಲಿ, ತಿಳಿನೀಲಿ, ಬಿಳಿ ತುಂಬಾ ಚೆಂದ ಕಾಣುತ್ತವೆ. ಆದರೆ ನೀಲಿ ಟೈಲ್ಸಿನ ಕೊಳದಲ್ಲಿ ನೀಲಿ ಕಾಸ್ಟ್ಯೂಮಿನ ಮಗು ನೀರಿನ ಕೆಳಗಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಕಣ್ಣು ಕುಕ್ಕುವ ಕೇಸರಿ, ಗಾಢ ಗುಲಾಬಿ, ಕೆಂಪು ತಗೊಳ್ಳಿ. ಅಳತೆ ಮೈಗೆ ಸರಿಯಾಗಿರಲಿ. "ಮುಂದಿನ ವರ್ಷಕ್ಕೂ ಆಗುತ್ತೆ" ಎಂದು ದೊಡ್ಡದು ತಂದರೆ ಒಳಗೆ ನೀರು ತುಂಬಿ ಜಗ್ಗುತ್ತದೆ.

ಗಾಗಲ್ಸ್ ಕೊಳ್ಳುವಾಗ ಮಗು ಜೊತೆಗಿರಬೇಕು. ಪಟ್ಟಿ ಹಾಕದೆ ಬರೀ ಗಾಜಿನ ಭಾಗವನ್ನು ಕಣ್ಣಿನ ಸುತ್ತ ಮೆಲ್ಲಗೆ ಒತ್ತಿ ಕೈ ಬಿಡಿ. ಒಂದೆರಡು ಕ್ಷಣ ಅಂಟಿಕೊಂಡು ನಿಂತರೆ ಅಳತೆ ಸರಿ. ತಕ್ಷಣ ಬಿದ್ದರೆ ಎಷ್ಟು ಬಿಗಿ ಕಟ್ಟಿದರೂ ನೀರು ಒಳಗೆ ಹೋಗುತ್ತದೆ. ತಂದ ಮೇಲೆ ಮೂರು ದಿನ ಮನೆಯಲ್ಲೇ ಹಾಕಿಕೊಂಡು ಓಡಾಡಲಿ. ಮೊದಲ ದಿನ ಕೊಳದ ದಂಡೆಯಲ್ಲೇ ಹೊಸ ಗಾಗಲ್ಸ್ ಬಿಚ್ಚಿ, ಪಟ್ಟಿಗೆ ಕೂದಲು ಸಿಕ್ಕಿ, ಅಳುತ್ತಾ ನಿಂತ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ಇರುತ್ತಾರೆ. ಗಾಜಿನ ಒಳಮೈ ಬೆರಳಿನಿಂದ ಒರೆಸಬೇಡಿ. ಮಂಜು ಕಟ್ಟದ ಹಾಗೆ ಅಲ್ಲಿ ತೆಳುವಾದ ಲೇಪ ಇರುತ್ತದೆ, ಅದು ಹೋಗಿಬಿಡುತ್ತದೆ.

ಟೋಪಿಯಲ್ಲಿ ಸಿಲಿಕಾನ್ ಮತ್ತು ಬಟ್ಟೆ ಎರಡು ಬಗೆ. ಸಣ್ಣ ಮಕ್ಕಳಿಗೆ ಬಟ್ಟೆಯದೇ ಸುಲಭ, ಕೂದಲು ಕೀಳುವುದಿಲ್ಲ.

ತೋಳಿಗೆ ಹಾಕುವ ಗಾಳಿ ತುಂಬಿದ ಪಟ್ಟಿ, ಬಾತುಕೋಳಿ ಟ್ಯೂಬ್ ತಗೋಬೇಡಿ. ಅವು ಆಟಿಕೆ. ಗಾಳಿ ಇಳಿಯುತ್ತದೆ, ತೋಳಿನಿಂದ ಜಾರುತ್ತದೆ. ಅದು ಇದೆ ಎಂದು ನಾವು ಕಣ್ಣು ಬೇರೆ ಕಡೆ ತಿರುಗಿಸುತ್ತೇವೆ, ಅಪಾಯ ಅಲ್ಲೇ ಇರುವುದು. ಕಿಕ್‌ಬೋರ್ಡ್, ಅಂದರೆ ಹಿಡಿದುಕೊಂಡು ಕಾಲು ಬಡಿಯುವ ತೇಲುಹಲಗೆ, ಸಾಮಾನ್ಯವಾಗಿ ಕೊಳದಲ್ಲೇ ಇರುತ್ತದೆ. ಕೇಳಿ ನೋಡಿ.

5. ಹಿಂದಿನ ರಾತ್ರಿ ಚೀಲ ತುಂಬುವುದು

ಬೆಳಿಗ್ಗೆ ಆರರ ಬ್ಯಾಚಿಗೆ ಐದೂವರೆಗೆ ಎದ್ದು ಟವೆಲ್ ಹುಡುಕುವ ಗಡಿಬಿಡಿ ಬೇಡ. ಕೊನೆಗೆ ಬೇಕಾಗುವುದು ಕೆಳಗೆ, ಮೊದಲು ಬೇಕಾಗುವುದು ಮೇಲೆ. ಹೀಗೆ ಹಾಕಿ:

ತಳದಲ್ಲಿ ತಿಂಡಿ ಡಬ್ಬಿ, ಬಾಚಣಿಗೆ, ಮೈಗೆ ಹಚ್ಚುವ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ.

ಅದರ ಮೇಲೆ ಒಣ ಬಟ್ಟೆ, ಒಳಚಡ್ಡಿ ಸಮೇತ. ಮನೆಯಿಂದ ಕಾಸ್ಟ್ಯೂಮ್ ಒಳಗೇ ಹಾಕಿಸಿ ಕರೆತರುವವರು ಒಳಚಡ್ಡಿ ಮರೆಯುವುದು ದಿನದ ಮಾತು. ಇನ್ನೊಂದು, ಜೀನ್ಸ್ ಬೇಡ. ಜೀನ್ಸ್ ಹೊಲಿಯುವ ಊರು ನಮ್ಮದು, ಮಕ್ಕಳಿಗೂ ಅದೇ ಹಾಕಿಸುತ್ತೇವೆ. ಆದರೆ ಒದ್ದೆ ಕಾಲು ಜೀನ್ಸಿನೊಳಗೆ ಮೊಣಕಾಲಿನವರೆಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಸಡಿಲ ಫ್ರಾಕು, ಲೂಸ್ ಚಡ್ಡಿ ಸಾಕು.

ಆಮೇಲೆ ಟವೆಲ್. ದಪ್ಪ ಟರ್ಕಿ ಟವೆಲ್‌ಗಿಂತ ತೆಳು ಕಾಟನ್ ಟವೆಲ್ ಎರಡು ಇಡಿ. ಒಂದು ಮೈ ಒರೆಸಲು, ಇನ್ನೊಂದು ಹೊದೆಯಲು. ಎಂಥ ಬೇಸಿಗೆಯಲ್ಲೂ ನೀರಿನಿಂದ ಎದ್ದ ಸಣ್ಣ ಮಗು ನಡುಗುತ್ತದೆ.

ಮೇಲುಗಡೆ ಗಾಗಲ್ಸ್, ಟೋಪಿ, ನೀರಿನ ಬಾಟಲಿ. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಅದು ಗೊತ್ತಾಗುವುದಿಲ್ಲ. ಅದಕ್ಕೇ ಕುಡಿಯುವ ನೀರು ಬೇಕು.

ಹೊರಗಿನ ಜೇಬಿನಲ್ಲಿ ಒದ್ದೆ ಬಟ್ಟೆಗೆ ಗಟ್ಟಿ ಪ್ಲಾಸ್ಟಿಕ್ ಕವರ್, ರಬ್ಬರ್ ಚಪ್ಪಲಿ. ಚಪ್ಪಲಿ ಸುಮ್ನೆ ಹೇಳುತ್ತಿಲ್ಲ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆ ನಾಲ್ಕಕ್ಕೂ ಕೊಳದ ಸುತ್ತಲಿನ ಕಲ್ಲು ಹಂಚಿನ ಹಾಗೆ ಕಾದಿರುತ್ತದೆ, ಎಳೆ ಪಾದ ಸುಟ್ಟುಹೋಗುತ್ತದೆ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಐದು ಎಣಿಸುವಷ್ಟು ಹೊತ್ತು ಇಟ್ಟು ನೋಡಿ, ತಡೆಯಲಾಗದಿದ್ದರೆ ಮಗುವನ್ನು ಬರಿಗಾಲಲ್ಲಿ ಬಿಡಬೇಡಿ.

ಎಲ್ಲದರ ಮೇಲೂ ಮಾರ್ಕರ್ ಪೆನ್ನಿನಿಂದ ಹೆಸರು ಬರೆಯಿರಿ, ಗಾಗಲ್ಸ್ ಪಟ್ಟಿಯ ಮೇಲೂ. ಮತ್ತೆ, ಚೀಲ ಮಗುವಿನ ಕೈಯಲ್ಲೇ ತುಂಬಿಸಿ. ಯಾವುದು ಎಲ್ಲಿದೆ ಅಂತ ಅದಕ್ಕೇ ಗೊತ್ತಿರಲಿ.

6. ಮನೆ ಬಿಡುವ ಮುಂಚೆ

ಹೊಟ್ಟೆ ತುಂಬಾ ತಿಂದು ಹೋಗಬಾರದು, ಪೂರ್ತಿ ಖಾಲಿಯೂ ಬೇಡ. ಬೆಳಗಿನ ಬ್ಯಾಚಿಗೆ ಅರ್ಧ ಗಂಟೆ ಮುಂಚೆ ಅರ್ಧ ಬಾಳೆಹಣ್ಣು ಸಾಕು. ಸಂಜೆಯ ಬ್ಯಾಚಿಗೆ ಹೋಗುವ ದಿನ ದಾರಿಯಲ್ಲಿ ವಗ್ಗಾಣಿ-ಮಿರ್ಚಿ ಬೇಡ, ವಾಪಸ್ ಬರುವಾಗ ಕೊಡಿಸಿ.

ತಲೆಗೆ ಎಣ್ಣೆ ಹಚ್ಚಬೇಡಿ. ಕಣ್ಣಿಗೆ ಕಾಡಿಗೆ, ಮುಖಕ್ಕೆ ಪೌಡರ್ ಬೇಡ. ಇದೆಲ್ಲ ನೀರಿಗೇ ಸೇರುತ್ತದೆ.

ಕಾಲ್ಗೆಜ್ಜೆ, ಬಳೆ, ಓಲೆ, ಸರ ಮನೆಯಲ್ಲೇ ಬಿಚ್ಚಿಡಿ. ಕೊರಳಿನ ತಾಯತದ ದಾರವನ್ನೂ ಬಿಚ್ಚಲೇಬೇಕು, ಏಣಿಗೋ ಇನ್ನೊಂದು ಮಗುವಿನ ಕೈಗೋ ಸಿಕ್ಕಿದರೆ ಕೊರಳು ಬಿಗಿಯುತ್ತದೆ. ಹಿರಿಯರು ಒಪ್ಪದಿದ್ದರೆ ಅವರ ಕೈಯಲ್ಲೇ ಬಿಚ್ಚಿಸಿ, ದೇವರ ಮುಂದೆ ಇಡಿಸಿ, ಬಂದ ಮೇಲೆ ಅವರಿಂದಲೇ ಕಟ್ಟಿಸಿ. ನಮ್ಮ ಮನೆಯಲ್ಲಿ ಜಗಳ ನಿಂತದ್ದು ಹೀಗೆ.

ಸನ್‌ಸ್ಕ್ರೀನ್ ಹಚ್ಚುವುದಾದರೆ ನೀರಿಗೆ ತಡೆಯುವ, ಎಸ್‌ಪಿಎಫ್ 30 ಅಥವಾ ಜಾಸ್ತಿ ಇರುವುದನ್ನು ಹೊರಡುವ ಇಪ್ಪತ್ತು ನಿಮಿಷ ಮುಂಚೆ ಹಚ್ಚಿ. ಎಸ್‌ಪಿಎಫ್ ಅಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ. ಅದಕ್ಕಿಂತ ಒಳ್ಳೆಯದು, ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಯುವ ಇಲ್ಲವೇ ಸಂಜೆ ಐದರ ಮೇಲೆ ಶುರುವಾಗುವ ಬ್ಯಾಚ್ ಹಿಡಿಯುವುದು.

ಜ್ವರ, ಕಣ್ಣು ಬೇನೆ, ಕಿವಿ ನೋವು, ತೆರೆದ ಗಾಯ ಇದ್ದರೆ ಆವತ್ತು ರಜೆ. ಭೇದಿಯಾಗಿದ್ದರೆ ಪೂರ್ತಿ ವಾಸಿಯಾಗುವವರೆಗೆ ಕಳಿಸಬೇಡಿ, ಮತ್ತೆ ಯಾವಾಗ ಕಳಿಸಬೇಕೆಂದು ಡಾಕ್ಟರನ್ನು ಕೇಳಿ. ಭೇದಿ ತರುವ ಕೆಲವು ರೋಗಾಣು ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತವೆ. ಒಂದು ದಿನದ ಫೀಸು ಹೋಯಿತು ಎಂದು ಕಳಿಸಿದರೆ ಇಡೀ ಬ್ಯಾಚು ಮಲಗುತ್ತದೆ.

7. ಕೊಳದ ಹತ್ತಿರ

ಹೋದ ಕೂಡಲೇ ಶೌಚಾಲಯ, ಆಮೇಲೆ ಶವರ್. ಮೈ-ಕೂದಲು ಬರೀ ನೀರಿನಲ್ಲಿ ನೆನೆದರೆ ಕೊಳದ ನೀರನ್ನು ಅಷ್ಟು ಹೀರಿಕೊಳ್ಳುವುದಿಲ್ಲ. ಬಟ್ಟೆ ಬದಲಿಸುವ ಕೆಲಸ ಅಪ್ಪ-ಅಮ್ಮಂದೇ, ಬೇರೆ ಯಾರಿಗೂ ಬಿಡಬೇಡಿ. ಬೇರೆ ಮಕ್ಕಳು ಬರುವ ಹಾಗೆ ಫೋಟೋ, ವಿಡಿಯೋ ತೆಗೆಯಬೇಡಿ.

ಮೊದಲ ಎರಡು ಮೂರು ದಿನ ಮಗು ಅಳಬಹುದು. ಕೋಚ್ ಕುಳಿತುಕೊಳ್ಳಲು ಹೇಳಿದ ಜಾಗದಲ್ಲೇ, ಮಗುವಿಗೆ ಕಾಣುವ ಹಾಗೆ ಕುಳಿತುಕೊಳ್ಳಿ. "ಇಳಿದ್ರೆ ಐಸ್‌ಕ್ರೀಮ್" ಎಂದು ಆಸೆ ತೋರಿಸಬೇಡಿ, ಪಕ್ಕದ ಮಗುವಿನ ಜೊತೆ ಹೋಲಿಸಬೇಡಿ. ಕಾಲು ಮಾತ್ರ ಇಳಿಬಿಟ್ಟು ಕೂತರೂ ಆವತ್ತಿಗೆ ಅದೇ ಪಾಠ. ಆದರೆ ಯಾರಾದರೂ ಅಳುವ ಮಗುವಿನ ತಲೆ ನೀರಿಗೆ ಅದುಮಿದರೆ ಎದ್ದು ಹೋಗಿ ನಿಲ್ಲಿಸಿ. ಸಂಕೋಚ ಬೇಡ.

ಮೊಬೈಲ್ ಚೀಲದೊಳಗೆ ಇಡಿ. ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಹಾಗಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಉಸಿರಿಗೇ ಸಾಲದು, ಕೂಗು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಮೈ ನೆಟ್ಟಗೆ ನಿಂತ ಹಾಗೆ ಇದ್ದು, ಸದ್ದಿಲ್ಲದೆ ಒಂದೆರಡು ನಿಮಿಷದೊಳಗೆ ಎಲ್ಲ ಆಗಿಹೋಗುತ್ತದೆ.

ಮೇ ತಿಂಗಳ ಸಂಜೆ ನಮ್ಮಲ್ಲಿ ದಿಢೀರನೆ ಗುಡುಗು-ಗಾಳಿ ಎದ್ದೇಳುತ್ತದೆ. ಮೊದಲ ಗುಡುಗಿಗೇ ಎಲ್ಲರೂ ಮೇಲೆ ಬರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಇಳಿಯಬಾರದು.

ಏನಾದರೂ ಆಗಿಬಿಟ್ಟರೆ 108 ಅಥವಾ 112ಕ್ಕೆ ಕರೆ ಮಾಡಿ. ನೀರು ಕುಡಿದವರನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಅದುಮುವುದು ಮಾಡಬೇಡಿ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕ್ಕೆ ಹೋಗುತ್ತದೆ, ಬೆಲೆಕಟ್ಟಲಾಗದ ನಿಮಿಷಗಳು ಹಾಳಾಗುತ್ತವೆ. ಉಸಿರು ನಿಂತವರಿಗೆ ಬೇಕಾದದ್ದು ಬಾಯಿಂದ ಬಾಯಿಗೆ ಉಸಿರು ಮತ್ತು ಎದೆ ಒತ್ತುವುದು. ಇದಕ್ಕೆ ಸಿಪಿಆರ್ ಎನ್ನುತ್ತಾರೆ, ಒಂದು ದಿನ ಕೊಟ್ಟು ಕಲಿತುಕೊಳ್ಳಿ. ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಮರಳುತ್ತದೆ ಎಂಬ ಸುಳ್ಳು ಮೊಬೈಲಿನಲ್ಲಿ ಓಡಾಡುತ್ತದೆ. ನಮ್ಮ ಜಿಲ್ಲೆಯಲ್ಲೇ ಅದನ್ನು ನಂಬಿ ಗಂಟೆಗಟ್ಟಲೆ ಕಾದ ಹೆತ್ತವರಿದ್ದಾರೆ. ಆ ಸಂದೇಶ ನಿಮಗೆ ಬಂದರೆ ಅಲ್ಲೇ ಅಳಿಸಿ, ಕಳಿಸಿದವರಿಗೂ ತಿಳಿಸಿ ಹೇಳಿ.

8. ನೀರಿನಿಂದ ಎದ್ದ ಮೇಲೆ

ಮತ್ತೆ ಶವರ್. ಆಮೇಲೆ ತಲೆ ಒಂದು ಕಡೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ನೀರು ಇಳಿಯಲು ಬಿಡಿ. ಇನ್ನೊಂದು ಕಿವಿಗೂ ಹಾಗೇ. ಟವೆಲ್ ತುದಿಯಿಂದ ಹೊರಗೆ ಮಾತ್ರ ಒರೆಸಿ. ಇಯರ್‌ಬಡ್, ಕಡ್ಡಿ, ಬಿಸಿ ಎಣ್ಣೆ ಯಾವುದೂ ಬೇಡ. ಹಾಲೆ ಮುಟ್ಟಿದರೆ ಮಗು ನೋವು ಎಂದರೆ ಹೊರಕಿವಿಗೆ ಸೋಂಕು ತಗುಲಿರಬಹುದು, ಡಾಕ್ಟರ ಹತ್ತಿರ ಹೋಗಿ. "ಅಮ್ಮಾ, ಕಣ್ಣು ಉರೀತಾವ" ಎಂದರೆ ಉಜ್ಜಲು ಬಿಡದೆ ತಣ್ಣೀರು ಚಿಮುಕಿಸಿ. ಕೊಬ್ಬರಿ ಎಣ್ಣೆ ಮೈಗೆ, ತಲೆಗೆ ಈಗ ಹಚ್ಚಿ. ಹಸಿವು ಜೋರಾಗಿರುತ್ತದೆ, ಶೇಂಗಾ ಚಿಕ್ಕಿ, ಹಣ್ಣು ಕೈಗೆ ಕೊಡಿ.

ಮನೆಗೆ ಬಂದ ಕೂಡಲೇ ಕಾಸ್ಟ್ಯೂಮ್ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಹಾಕಿ. ನಮ್ಮ ಬಿಸಿಲಿಗೆ ಹಾಕಿದರೆ ಲೈಕ್ರಾ ಒಂದೇ ತಿಂಗಳಲ್ಲಿ ಜೋತುಬೀಳುತ್ತದೆ.

ಇನ್ನು ಶಿಬಿರ ಮುಗಿದ ಮೇಲಿನ ಮಾತು. ಮೂರು ವಾರದಲ್ಲಿ ಮಗು ನಾಲ್ಕು ಮಾರು ಕಾಲು ಬಡಿದು ಹೋಗುವುದನ್ನು ಕಲಿತಿರುತ್ತದೆ, ಅಷ್ಟೇ. ಅಷ್ಟರಲ್ಲಿ ರಜೆಗೆ ಅಜ್ಜಿ ಊರಿಗೆ ಹೊರಡುತ್ತೀರಿ. ಅಲ್ಲಿ ಬಾವಿ, ಕೆರೆ, ತುಂಗಭದ್ರಾ ಕಾಲುವೆ, ಕೃಷಿಹೊಂಡ ಎಲ್ಲ ಇರುತ್ತವೆ. ಕಾಲುವೆಯ ಗೋಡೆ ಇಳಿಜಾರು, ಪಾಚಿ ಹಿಡಿದಿರುತ್ತದೆ, ಸೆಳೆತ ಜೋರು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಿಂದ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಲು ಆಗುವುದಿಲ್ಲ, ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಮಗುವಿಗೆ ಒಂದೇ ನಿಯಮ ಬಾಯಿಪಾಠ ಮಾಡಿಸಿ: ಕೈಗೆಟುಕುವಷ್ಟು ಹತ್ತಿರ ದೊಡ್ಡವರು ಇಲ್ಲದೆ ಯಾವ ನೀರಿಗೂ ಇಳಿಯುವ ಹಾಗಿಲ್ಲ. ಬಸ್ಸು ಹತ್ತುವ ಮುಂಚೆ ಊರಿಗೊಂದು ಫೋನ್ ಮಾಡಿ. ಹೊಲದ ಹೊಂಡಕ್ಕೆ ಬೇಲಿ ಇದೆಯಾ ಕೇಳಿ. "ಈಕಿಗೆ ಈಜು ಬರ್ತದ ಅಂತ ಕಾಲುವಿ ಕಡೆ ಕರ್ಕೊಂಡು ಹೋಗಬ್ಯಾಡ್ರಿ, ಇನ್ನೂ ಬರಂಗಿಲ್ಲ" ಎಂದು ಮಾವನಿಗೂ ಅಣ್ಣಂದಿರಿಗೂ ಬಿಡಿಸಿ ಹೇಳಿ.